ಕೆಂಪು ಲಿವರ್ ಗುಲಾಬಿ ಆಗೋದ್ಯಾಕೆ? ಆನೋಡೈಸ್ಡ್ ಬೈಕ್ ಪಾರ್ಟ್ಸ್ ಬಾಳಿಕೆಯ ಪೂರ್ತಿ ಲೆಕ್ಕ

ಕೆಂಪು ಬ್ರೇಕ್ ಲಿವರ್, ನೀಲಿ ಬಾರ್ ಎಂಡ್, ಚಿನ್ನದ ಬಣ್ಣದ ಚೈನ್ ಅಡ್ಜಸ್ಟರ್, ನೇರಳೆ ಆಯಿಲ್ ಕ್ಯಾಪ್. ಬೈಕ್‌ಗೆ ಹೊರಗಿನಿಂದ ತಂದು ಹಾಕಿಸೋ ಈ ಪಾರ್ಟ್ಸ್ ಎಲ್ಲವೂ ಅಂಗಡಿಯ ಗಾಜಿನ ಕಪಾಟಿನಲ್ಲಿ ಒಂದೇ ಥರ ಹೊಳೆಯುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ ಅಷ್ಟೆ, ಆನ್‌ಲೈನ್‌ನಲ್ಲಿ ತರಿಸಿದರೂ ಅಷ್ಟೆ. ವ್ಯತ್ಯಾಸ ಗೊತ್ತಾಗೋದು ಒಂದೆರಡು ಬೇಸಿಗೆ, ಒಂದೆರಡು ಮಳೆಗಾಲ ಕಳೆದ ಮೇಲೆ. ಒಬ್ಬರ ಲಿವರ್ ಇನ್ನೂ ಕಡುಗೆಂಪಾಗಿರುತ್ತೆ, ಇನ್ನೊಬ್ಬರದ್ದು ತೊಳೆದು ಒಣಹಾಕಿದ ಹಳೇ ಟೀ ಶರ್ಟ್ ಥರ ಗುಲಾಬಿ ಆಗಿರುತ್ತೆ. ಎರಡರ ಡಬ್ಬಿ ಮೇಲೂ ಬರೆದಿದ್ದು ಒಂದೇ: 'ಆನೋಡೈಸ್ಡ್ ಅಲ್ಯೂಮಿನಿಯಂ, ಪ್ರೀಮಿಯಂ ಫಿನಿಶ್'.

ಹಾಗಾದರೆ ಬಾಳಿಕೆಯನ್ನು ತೀರ್ಮಾನ ಮಾಡೋದು ಏನು? ಉತ್ತರ ನಾಲ್ಕು ಮಾತಿನಲ್ಲಿದೆ: ಲೋಹ ಯಾವುದು, ಪದರ ಎಷ್ಟು ದಪ್ಪ, ಬಣ್ಣ ಎಂಥದ್ದು, ಕೊನೆಗೆ ಸೀಲಿಂಗ್ ಸರಿಯಾಗಿ ಆಗಿದೆಯೋ ಇಲ್ಲವೋ. ಈ ನಾಲ್ಕರಲ್ಲಿ ಒಂದೂ ಕಣ್ಣಿಗೆ ಕಾಣಲ್ಲ. ಕಾಣದೇ ಇರೋ ಕಡೆಯೇ ಖರ್ಚು ಉಳಿಸೋದು ಸುಲಭ. ಆ ಉಳಿತಾಯದ ಬೆಲೆಯನ್ನು ಕೊಳ್ಳುವವರು ಒಂದಿಷ್ಟು ಕೊಡುತ್ತಾರೆ, ತೊಟ್ಟಿಯ ಪಕ್ಕ ನಿಂತು ಕೆಲಸ ಮಾಡುವವರು ಇನ್ನೊಂದಿಷ್ಟು ಕೊಡುತ್ತಾರೆ. ಅದಕ್ಕೇ ಇದನ್ನು ಬರೀ ಬೈಕ್ ಹುಚ್ಚಿನ ವಿಷಯ ಅಂತ ಪಕ್ಕಕ್ಕೆ ತಳ್ಳೋಕಾಗಲ್ಲ.

ಆನೋಡೈಸಿಂಗ್ ಅಂದ್ರೆ ಪೇಂಟ್ ಅಲ್ಲ

ಪೇಂಟ್ ಲೋಹದ ಮೇಲೆ ಕೂರುತ್ತೆ. ಆನೋಡೈಸಿಂಗ್‌ನಲ್ಲಿ ಲೋಹದ ಮೇಲ್ಮೈಯೇ ಬೇರೆ ವಸ್ತುವಾಗಿ ಬದಲಾಗುತ್ತೆ.

ಗಾಳಿಗೆ ತೆರೆದುಕೊಂಡ ಯಾವುದೇ ಅಲ್ಯೂಮಿನಿಯಂ ಮೇಲೆ ತಾನಾಗಿಯೇ ಒಂದು ಆಕ್ಸೈಡ್ ಪದರ ಹುಟ್ಟುತ್ತೆ. ಅದರ ದಪ್ಪ ಕೆಲವೇ ನ್ಯಾನೋಮೀಟರ್. ಆನೋಡೈಸಿಂಗ್ ಮಾಡೋದು ಇದೇ ಪದರವನ್ನು ಬೇಕೆಂದೇ ಸಾವಿರಾರು ಪಟ್ಟು ದಪ್ಪ ಬೆಳೆಸುವ ಕೆಲಸ. ಪಾರ್ಟನ್ನು ಶುಚಿ ಮಾಡಿ, ಸುಮಾರು ಶೇ. 15ರಿಂದ 20ರಷ್ಟು ಗಂಧಕಾಮ್ಲ ಇರುವ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ತಿನ ಪಾಸಿಟಿವ್ ತುದಿಗೆ ಜೋಡಿಸುತ್ತಾರೆ. ಈ ತುದಿಗೆ 'ಆನೋಡ್' ಅಂತ ಹೆಸರು, ಆನೋಡೈಸಿಂಗ್ ಅನ್ನೋ ಪದ ಬಂದಿದ್ದು ಅಲ್ಲಿಂದಲೇ. ಆಮ್ಲದ ಉಷ್ಣತೆ ಸುಮಾರು 20 ಡಿಗ್ರಿ, ವೋಲ್ಟೇಜ್ ಸಾಮಾನ್ಯವಾಗಿ 12ರಿಂದ 20. ಕರೆಂಟ್ ಹರಿಯುತ್ತಾ ಹೋದಂತೆ ಮೇಲ್ಮೈಯ ಅಲ್ಯೂಮಿನಿಯಂ ಆಕ್ಸೈಡ್ ಆಗುತ್ತಾ ಹೋಗುತ್ತೆ. ಪದರದ ಒಂದು ಭಾಗ ಲೋಹದ ಒಳಕ್ಕೆ, ಒಂದು ಭಾಗ ಹೊರಕ್ಕೆ ಬೆಳೆಯುತ್ತೆ. ಬೇರು ಬಿಟ್ಟ ಹಾಗೆ. ಸರಿಯಾಗಿ ಮಾಡಿದ ಆನೋಡೈಸಿಂಗ್ ಪೇಂಟ್ ಥರ ಚಕ್ಕೆ ಚಕ್ಕೆಯಾಗಿ ಎದ್ದು ಬರದೇ ಇರೋದಕ್ಕೆ ಕಾರಣ ಇದೇ.

ಈ ತಂತ್ರ ಹೊಸದೇನಲ್ಲ. 1923ರಲ್ಲಿ ಬ್ರಿಟನ್ನಿನಲ್ಲಿ ಬೆಂಗೋ ಮತ್ತು ಸ್ಟುವರ್ಟ್ ಎಂಬವರು ಕ್ರೋಮಿಕ್ ಆಮ್ಲ ಬಳಸಿ ಇದನ್ನು ರೂಪಿಸಿದರು. ನೀರಿನ ಮೇಲೆ ಇಳಿಯುವ ವಿಮಾನಗಳ ಭಾಗಗಳನ್ನು ಸಮುದ್ರದ ಉಪ್ಪಿನಿಂದ ಕಾಪಾಡೋದು ಆಗಿನ ಉದ್ದೇಶ. 1927ರಲ್ಲಿ ಗೋವರ್ ಮತ್ತು ಓಬ್ರಿಯನ್ ಗಂಧಕಾಮ್ಲದ ವಿಧಾನಕ್ಕೆ ಪೇಟೆಂಟ್ ಪಡೆದರು. ಇವತ್ತು ಬೈಕ್ ಪಾರ್ಟ್ಸ್‌ಗೆ ಬಳಸೋದು ಮುಖ್ಯವಾಗಿ ಈ ಎರಡನೇ ವಿಧಾನವನ್ನೇ. ಅಂದರೆ ಇದು ಹುಟ್ಟಿದ್ದು ರಕ್ಷಣೆಗಾಗಿ. ಅಂದಚಂದ ಆಮೇಲೆ ಸೇರಿಕೊಂಡದ್ದು.

ಬಣ್ಣ ಕೂರೋದು ಎಲ್ಲಿ?

ಈ ಆಕ್ಸೈಡ್ ಪದರ ಗಟ್ಟಿ ಗೋಡೆಯಲ್ಲ, ಜೇನುಗೂಡು. ಒಂದು ಚದರ ಸೆಂಟಿಮೀಟರಿನಲ್ಲಿ ಸಾವಿರಾರು ಕೋಟಿ ಸಣ್ಣ ಸಣ್ಣ ರಂಧ್ರಗಳು ಇರುತ್ತವೆ. ಒಂದೊಂದರ ಅಗಲ ಹತ್ತಿಪ್ಪತ್ತು ನ್ಯಾನೋಮೀಟರ್. ಆಮ್ಲದಿಂದ ತೆಗೆದು ತೊಳೆದ ಪಾರ್ಟನ್ನು ಡೈ ತುಂಬಿದ ತೊಟ್ಟಿಗೆ ಇಳಿಸಿದಾಗ ಬಣ್ಣ ಈ ರಂಧ್ರಗಳ ಒಳಗೆ ಇಳಿದು ಅಂಟಿಕೊಳ್ಳುತ್ತೆ. ಆಕ್ಸೈಡ್ ಪದರ ಹೆಚ್ಚುಕಮ್ಮಿ ಪಾರದರ್ಶಕ. ಹಾಗಾಗಿ ಕೆಳಗಿನ ಲೋಹದ ಹೊಳಪು ಬಣ್ಣದ ಮೂಲಕ ಹಾದು ಬರುತ್ತೆ. ಪೇಂಟ್‌ನಲ್ಲಿ ಸಿಗದ ಆ 'ಮೆಟಾಲಿಕ್' ಮಿಂಚಿನ ಗುಟ್ಟು ಇದು.

ಈಗ ಬಣ್ಣ ಮಾಸೋ ವಿಚಾರ. ಕೆಂಪು, ನೀಲಿ, ನೇರಳೆ, ಗುಲಾಬಿಯಂಥ ಬಣ್ಣಗಳಿಗೆ ಬಳಸೋದು ಸಾವಯವ ಡೈಗಳನ್ನು. ಇಲ್ಲಿ 'ಸಾವಯವ' ಅಂದ್ರೆ ಇಂಗಾಲದ ರಾಸಾಯನಿಕ ಅಂತ ಅರ್ಥ, ಆರ್ಗ್ಯಾನಿಕ್ ತರಕಾರಿಗೂ ಇದಕ್ಕೂ ಸಂಬಂಧ ಇಲ್ಲ. ಬಿಸಿಲಿನ ನೇರಳಾತೀತ ಕಿರಣ ಈ ಡೈಗಳ ಅಣುಗಳನ್ನು ಒಡೆಯುತ್ತೆ. ಅಣು ಒಡೆದರೆ ಬಣ್ಣ ಹೋಯಿತು. ಆಕ್ಸೈಡ್ ಪದರ ಮಾತ್ರ ಹಾಗೇ ಇರುತ್ತೆ.

ಡೈಗಳಲ್ಲೂ ಬೆಲೆಯ ಪ್ರಕಾರ ಮೇಲು ಕೀಳು ಇದೆ. ಬಿಸಿಲಿಗೆ ಎಷ್ಟು ತಡೆಯುತ್ತೆ ಅಂತ 1ರಿಂದ 8ರವರೆಗಿನ ಅಳತೆಗೋಲಿನಲ್ಲಿ ಡೈ ತಯಾರಕರು ಅಂಕ ಕೊಡುತ್ತಾರೆ. ಹೊರಗಡೆ ಬಿಸಿಲಿನಲ್ಲಿ ಇರುವ ವಸ್ತುವಿಗೆ 8ರ ಹತ್ತಿರದ ಡೈ ಬೇಕು. ಅಗ್ಗದ ಗುಲಾಬಿ, ನೇರಳೆ ಬಣ್ಣಗಳು ಈ ಅಳತೆಗೋಲಿನಲ್ಲಿ ಕೆಳಗೇ ಉಳಿಯುತ್ತವೆ. ಅಗ್ಗದ ಕಪ್ಪು ಡೈ ಬಿಸಿಲಿಗೆ ಕಂದು ಅಥವಾ ನೇರಳೆ ಛಾಯೆಗೆ ತಿರುಗೋದನ್ನು ನೀವೂ ನೋಡಿರಬಹುದು. ಇದಕ್ಕೆ ವಿರುದ್ಧವಾಗಿ, ಕಬ್ಬಿಣದ ಲವಣದಿಂದ ಬರುವ ಚಿನ್ನದ ಬಣ್ಣ, ತವರವನ್ನು ವಿದ್ಯುತ್ತಿನಿಂದ ರಂಧ್ರದ ತಳಕ್ಕೆ ಇಳಿಸಿ ಪಡೆಯುವ ಕಂಚು ಮತ್ತು ಕಪ್ಪು ಬಣ್ಣಗಳು ಬಿಸಿಲಿಗೆ ಸುಲಭವಾಗಿ ಬಗ್ಗಲ್ಲ. ಕಟ್ಟಡಗಳ ಅಲ್ಯೂಮಿನಿಯಂ ಕಿಟಕಿ ಚೌಕಟ್ಟುಗಳು ಹೆಚ್ಚಾಗಿ ಕಂಚು, ಕಪ್ಪು, ಬೆಳ್ಳಿ ಬಣ್ಣದಲ್ಲೇ ಇರೋದು ಸುಮ್ಮನೆ ಅಲ್ಲ.

ಸಾರಾಂಶ ಇಷ್ಟು: ಬಣ್ಣ ಎಷ್ಟು ಕಣ್ಣು ಕುಕ್ಕುವಂತಿದೆಯೋ, ಅದು ಯಾವ ಡೈ ಅಂತ ಕೇಳುವ ಅಗತ್ಯವೂ ಅಷ್ಟೇ ಹೆಚ್ಚು.

ಬಾಗಿಲು ಹಾಕದಿದ್ರೆ ಎಲ್ಲ ವ್ಯರ್ಥ

ರಂಧ್ರಕ್ಕೆ ಬಣ್ಣ ಇಳಿಸಿದ ಮೇಲೆ ಅದರ ಬಾಯಿ ಮುಚ್ಚಬೇಕು. ಇದೇ ಸೀಲಿಂಗ್. ಪಾರ್ಟನ್ನು 96 ಡಿಗ್ರಿಗಿಂತ ಬಿಸಿಯಾದ ಶುದ್ಧ ನೀರಿನಲ್ಲಿ ಇಟ್ಟಾಗ ಆಕ್ಸೈಡ್ ನೀರನ್ನು ಹೀರಿ ಉಬ್ಬುತ್ತೆ, ರಂಧ್ರದ ಬಾಯಿ ಮುಚ್ಚಿಕೊಳ್ಳುತ್ತೆ. ಬಣ್ಣ ಹಾಕಿದ ಪಾರ್ಟ್ಸ್‌ಗೆ ಈ ನೀರಿನಲ್ಲಿ ನಿಕ್ಕಲ್ ಅಸಿಟೇಟ್ ಸೇರಿಸೋದು ರೂಢಿ. ಅದು ಡೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಿಡುತ್ತೆ.

ಬಿಸಿನೀರಿನ ಸೀಲಿಂಗ್‌ಗೆ ಒಂದು ಮೈಕ್ರಾನ್ ದಪ್ಪಕ್ಕೆ ಸುಮಾರು 2ರಿಂದ 3 ನಿಮಿಷ ಬೇಕು. ಹತ್ತು ಮೈಕ್ರಾನ್ ಪದರ ಅಂದ್ರೆ ಇಪ್ಪತ್ತರಿಂದ ಮೂವತ್ತು ನಿಮಿಷ ತೊಟ್ಟಿ ಕುದಿಯುವ ಹಂತದಲ್ಲೇ ಇರಬೇಕು. ಅದಕ್ಕೆ ಇಂಧನ ಬೇಕು, ಸಮಯ ಬೇಕು. ನೀರೂ ಒಳ್ಳೆಯದಿರಬೇಕು. ಸಿಲಿಕೇಟ್, ಫಾಸ್ಫೇಟ್‌ನಂಥ ಲವಣಗಳು ಚೂರೇ ಚೂರು ಇದ್ದರೂ ಸೀಲಿಂಗ್ ಕೆಡುತ್ತೆ. ಹಾಗಾಗಿ ಗಡಸು ಬೋರ್‌ವೆಲ್ ನೀರನ್ನು ನೇರವಾಗಿ ತೊಟ್ಟಿಗೆ ಬಿಟ್ಟರೆ ಆಗಲ್ಲ, ಲವಣ ತೆಗೆದ ನೀರು ಬೇಕು. ಬೋರ್‌ವೆಲ್ ನಂಬಿಕೊಂಡೇ ಬದುಕುವ ಬೆಂಗಳೂರಿನಂಥ ಊರಿನಲ್ಲಿ ಇದು ಪ್ರತಿ ತಿಂಗಳ ಖರ್ಚು.

ಎಲ್ಲ ಹಂತಗಳಲ್ಲಿ ಕತ್ತರಿ ಹಾಕೋಕೆ ಅತಿ ಸುಲಭವಾದದ್ದು ಈ ಹಂತವೇ. ಮೂವತ್ತು ನಿಮಿಷದ ಬದಲು ಹತ್ತು ನಿಮಿಷಕ್ಕೆ ತೆಗೆದರೂ ಪಾರ್ಟ್ ಆ ದಿನಕ್ಕೆ ಚೆನ್ನಾಗೇ ಕಾಣುತ್ತೆ. ಆದರೆ ಬಾಯಿ ತೆರೆದ ರಂಧ್ರದಿಂದ ಮಳೆ, ಬೆವರು, ಸೋಪಿನ ನೀರಿನ ಜೊತೆ ಬಣ್ಣ ಮೆಲ್ಲಗೆ ಹೊರಬರುತ್ತೆ. ಕೈಗವಸಿಗೆ ಕೆಂಪು ಹತ್ತುತ್ತಿದೆ ಅಂದರೆ ಅಲ್ಲಿ ಸೀಲಿಂಗ್ ಆಗಿಲ್ಲ ಅಂತಲೇ ಅರ್ಥ.

ಎಷ್ಟು ಮೈಕ್ರಾನ್?

ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ತಲೆಗೂದಲಿನ ದಪ್ಪ 50ರಿಂದ 100 ಮೈಕ್ರಾನ್. ಆನೋಡೈಸ್ ಪದರವನ್ನು ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 7599 ಎಎ 5, ಎಎ 10, ಎಎ 15, ಎಎ 20, ಎಎ 25 ಅಂತ ವರ್ಗ ಮಾಡುತ್ತೆ. ಅಂಕಿ ಹೇಳೋದು ಕನಿಷ್ಠ ಸರಾಸರಿ ದಪ್ಪವನ್ನು, ಮೈಕ್ರಾನ್‌ನಲ್ಲಿ. ಭಾರತದ್ದೇ ಆದ ಮಾನದಂಡವೂ ಇದೆ: ಐಎಸ್ 1868. ಮನೆಯೊಳಗಿನ ಅಲಂಕಾರಕ್ಕೆ 5 ಮೈಕ್ರಾನ್ ನಡೆಯುತ್ತೆ. ಬಿಸಿಲು, ಮಳೆ, ಧೂಳು ತಿನ್ನುವ ವಸ್ತುವಿಗೆ 15ರಿಂದ 25 ಬೇಕು. ಬೈಕ್ ಪಾರ್ಟ್ ಯಾವ ಸಾಲಿಗೆ ಸೇರಬೇಕು ಅಂತ ನೀವೇ ಹೇಳಿ.

ಹಾರ್ಡ್ ಆನೋಡೈಸಿಂಗ್ ಇದರ ಅಣ್ಣ. ಆಮ್ಲವನ್ನು ಸೊನ್ನೆ ಡಿಗ್ರಿಯ ಆಸುಪಾಸಿಗೆ ತಣ್ಣಗಾಗಿಸಿ, ಹೆಚ್ಚು ಕರೆಂಟ್ ಹರಿಸಿ, ಸಾಮಾನ್ಯವಾಗಿ 25ರಿಂದ 50 ಮೈಕ್ರಾನ್, ಕೆಲವೊಮ್ಮೆ ಇನ್ನೂ ಹೆಚ್ಚು ದಪ್ಪ ಬೆಳೆಸುತ್ತಾರೆ. ಅಡುಗೆಮನೆಯ ಕಡು ಬೂದು ಬಣ್ಣದ 'ಹಾರ್ಡ್ ಆನೋಡೈಸ್ಡ್' ಬಾಣಲೆ ಇದೇ ಜಾತಿ. ಈ ಪದರ ತಾನಾಗಿಯೇ ಕಪ್ಪಗಾಗೋದರಿಂದ ಅದರ ಮೇಲೆ ತಿಳಿ, ಹೊಳೆಯುವ ಬಣ್ಣ ಕೂರಲ್ಲ. 'ಹಾರ್ಡ್ ಆನೋಡೈಸ್ಡ್' ಅಂತ ಬರೆದ ಗುಲಾಬಿ ಬಾರ್ ಎಂಡ್ ನೋಡಿದರೆ ಹುಬ್ಬೇರಿಸಿ.

ಜಾಹೀರಾತುಗಳಲ್ಲಿ ಕಾಣೋ 'ಟೈಪ್ 2', 'ಟೈಪ್ 3' ಬಂದಿರೋದು ಅಮೆರಿಕದ ಸೇನಾ ಮಾನದಂಡ 8625ರಿಂದ. ಟೈಪ್ 2 ಅಂದ್ರೆ ಮಾಮೂಲಿ ಗಂಧಕಾಮ್ಲದ್ದು, ಟೈಪ್ 3 ಅಂದ್ರೆ ಹಾರ್ಡ್. ಇಲ್ಲೊಂದು ಸೂಕ್ಷ್ಮ ಇದೆ. ಟೈಪ್ 2ರ ವ್ಯಾಪ್ತಿ ಸುಮಾರು 2 ಮೈಕ್ರಾನ್‌ನಿಂದ 25 ಮೈಕ್ರಾನ್‌ವರೆಗೂ ಹರಡಿದೆ. ಅಂದರೆ ಆ ಹೆಸರು ಬರೆದವರು ಸುಳ್ಳೂ ಹೇಳಿಲ್ಲ, ನಮಗೆ ಬೇಕಾದದ್ದನ್ನೂ ಹೇಳಿಲ್ಲ.

ದಪ್ಪ ಅಂದ್ರೆ ಸಮಯ, ಸಮಯ ಅಂದ್ರೆ ದುಡ್ಡು. ಒಂದು ಚದರ ಡೆಸಿಮೀಟರಿಗೆ 1.5 ಆಂಪಿಯರ್ ಕರೆಂಟ್ ಹರಿಸಿದರೆ 10 ಮೈಕ್ರಾನ್ ಬೆಳೆಯಲು 20ರಿಂದ 25 ನಿಮಿಷ ಬೇಕು. 20 ಮೈಕ್ರಾನ್‌ಗೆ ಅದರ ಎರಡರಷ್ಟು. ಅರ್ಧ ದಪ್ಪಕ್ಕೆ ತೆಗೆದುಬಿಟ್ಟರೆ ಅದೇ ತೊಟ್ಟಿಯಲ್ಲಿ, ಅದೇ ಪಾಳಿಯಲ್ಲಿ, ಹೆಚ್ಚುಕಮ್ಮಿ ಎರಡರಷ್ಟು ಮಾಲು ಇಳಿಸಬಹುದು. ಅಗ್ಗದ ಪಾರ್ಟಿನ ಅಗ್ಗತನದ ಒಂದು ಭಾಗ ಹುಟ್ಟೋದು ಇಲ್ಲಿ.

ಲೋಹವೇ ಬೇರೆಯಾದ್ರೆ?

ಎಲ್ಲ ಅಲ್ಯೂಮಿನಿಯಂ ಒಂದೇ ಅಲ್ಲ. 6061 ಮಿಶ್ರಲೋಹ ಆನೋಡೈಸಿಂಗ್‌ಗೆ ಬಹಳ ಚೆನ್ನಾಗಿ ಒಗ್ಗುತ್ತೆ. ಸ್ಪ್ರಾಕೆಟ್, ಒಳ್ಳೆ ದರ್ಜೆಯ ಲಿವರ್‌ಗಳಿಗೆ ಬಳಸುವ 7075 ಹೆಚ್ಚು ಗಟ್ಟಿ, ಅದೂ ಒಗ್ಗುತ್ತೆ, ಬಣ್ಣದ ಛಾಯೆ ಮಾತ್ರ ಸ್ವಲ್ಪ ಬೇರೆ ಬರಬಹುದು. ತಾಮ್ರ ಹೆಚ್ಚಿರುವ 2024ರಂಥ ಮಿಶ್ರಲೋಹದಲ್ಲಿ ಪದರ ಮೆದುವಾಗುತ್ತೆ.

ನಿಜವಾದ ತಕರಾರು ಎರಕದ ಪಾರ್ಟ್ಸ್‌ನದ್ದು. ಡೈ ಕಾಸ್ಟಿಂಗ್‌ಗೆ ಹೆಚ್ಚಾಗಿ ಬಳಸುವ ಎಡಿಸಿ 12 ಲೋಹದಲ್ಲಿ ಸಿಲಿಕಾನ್ ಪ್ರಮಾಣವೇ ಸುಮಾರು ಶೇ. 10ರಿಂದ 12. ಸಿಲಿಕಾನ್ ಆನೋಡೈಸ್ ಆಗಲ್ಲ, ಹಾಗೇ ಉಳಿದು ಮೇಲ್ಮೈಯನ್ನು ಬೂದು ಬೂದು ಮಾಡುತ್ತೆ. ಅಂಥ ಲೋಹದ ಮೇಲೆ ಫಳಫಳ ಕೆಂಪು ಬರೋದು ಬಹಳ ಕಷ್ಟ. ಆದ್ದರಿಂದ ಎರಕದ ಅಗ್ಗದ ಲಿವರ್ ಮೇಲೆ ಮಿಂಚುವ ಬಣ್ಣ ಇದ್ದರೆ ಅದು ಬಣ್ಣದ ಲ್ಯಾಕರ್ ಅಥವಾ ಪೇಂಟ್ ಆಗಿರುವ ಸಾಧ್ಯತೆಯೇ ಹೆಚ್ಚು. ಮಾರೋ ಹೆಸರು ಮಾತ್ರ 'ಆನೋಡೈಸ್ಡ್'.

ಬೋಲ್ಟ್‌ಗಳ ವಿಚಾರದಲ್ಲೂ ಇದೇ ಗೊಂದಲ. ಸ್ಟೀಲ್ ಬೋಲ್ಟನ್ನು ಈ ರೀತಿ ಆನೋಡೈಸ್ ಮಾಡಿ ಬಣ್ಣ ತುಂಬಲು ಆಗಲ್ಲ. ಬಣ್ಣದ ಸ್ಟೀಲ್ ಬೋಲ್ಟ್ ಅಂದರೆ ಬೇರೆ ಯಾವುದೋ ಲೇಪನ. ಟೈಟಾನಿಯಂ ಬೋಲ್ಟ್‌ಗಳನ್ನು ಆನೋಡೈಸ್ ಮಾಡ್ತಾರೆ, ಆದರೆ ಅಲ್ಲಿ ಡೈ ಇರಲ್ಲ. ಅತಿ ತೆಳು ಆಕ್ಸೈಡ್ ಪದರದಲ್ಲಿ ಬೆಳಕು ಆಡುವ ಆಟದಿಂದ ನೀಲಿ, ನೇರಳೆ, ಹೊಂಬಣ್ಣ ಕಾಣುತ್ತೆ, ಸೋಪಿನ ಗುಳ್ಳೆಯ ಮೇಲೆ ಕಾಣುವ ಹಾಗೆ. ಅದು ಬಿಸಿಲಿಗೆ ಮಾಸಲ್ಲ. ಸ್ಪ್ಯಾನರ್ ತಗುಲಿದರೆ ಮಾತ್ರ ಸುಲಭವಾಗಿ ಗೀಚು ಬೀಳುತ್ತೆ.

ನಮ್ಮ ರಸ್ತೆ, ನಮ್ಮ ಹವೆ, ನಮ್ಮ ವಾಶಿಂಗ್

ಪದರ ಚೆನ್ನಾಗಿದ್ದರೂ ಕೆಲವು ಶತ್ರುಗಳು ಇದ್ದೇ ಇದ್ದಾರೆ.

ಮೊದಲನೆಯದು ಕ್ಷಾರ ಮತ್ತು ಆಮ್ಲ. ಅಲ್ಯೂಮಿನಿಯಂ ಆಕ್ಸೈಡ್ ಎರಡರಲ್ಲೂ ಕರಗುತ್ತೆ. ಪಿಎಚ್ ಸುಮಾರು 4ರಿಂದ 8.5ರ ನಡುವೆ ಅದು ಕ್ಷೇಮ. ವಾಶಿಂಗ್ ಸೋಡಾದ ದ್ರಾವಣದ ಪಿಎಚ್ 11ರ ಸುತ್ತಮುತ್ತ, ಕಾಸ್ಟಿಕ್ ಸೋಡಾದ್ದು ಇನ್ನೂ ಮೇಲೆ. ವಾಶಿಂಗ್ ಸೆಂಟರ್‌ನಲ್ಲಿ ಗ್ರೀಸ್ ಕೀಳಲು ಬಳಸೋ ಕಡು ಕ್ಷಾರದ ದ್ರಾವಣ ಕೆಲವು ತೊಳೆತದಲ್ಲೇ ಹೊಳಪು ತೆಗೆಯಬಲ್ಲದು. ಚಕ್ರ ತೊಳೆಯುವ ಆಮ್ಲದ ಕ್ಲೀನರ್ ಕೂಡ ಅಷ್ಟೇ ಕೆಟ್ಟದ್ದು. ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಹಾಕಿ ಉಜ್ಜೋ ಅಭ್ಯಾಸ ಇಲ್ಲಿಗೆ ತರಬೇಡಿ. ಕಟ್ಟಡ ಕಟ್ಟುವ ಕಡೆ ಬೈಕ್ ನಿಲ್ಲಿಸಿದಾಗ ಸಿಡಿದ ಸಿಮೆಂಟ್ ನೀರನ್ನೂ ಕೂಡಲೇ ತೊಳೆಯಿರಿ, ಅದು ಕಡು ಕ್ಷಾರ.

ಎರಡನೆಯದು ಉಪ್ಪು. ಮಂಗಳೂರು, ಉಡುಪಿ, ಕಾರವಾರದ ಕಡಲ ಗಾಳಿಯಲ್ಲಿರುವ ಕ್ಲೋರೈಡ್, ಪದರದಲ್ಲಿ ಎಲ್ಲಿ ಗೀಚು ಇದೆಯೋ ಅಲ್ಲಿಂದ ಒಳನುಗ್ಗಿ ಗುಂಡಿ ತೋಡುತ್ತೆ. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಬಿಗಿಯುವಾಗ ಅದರ ತಲೆಯ ಕೆಳಗಿನ ಪದರ ಕತ್ತರಿಸಿ ಹೋಗಿರುತ್ತೆ. ಎರಡು ಬೇರೆ ಲೋಹ, ನಡುವೆ ಉಪ್ಪುನೀರು. ಸಣ್ಣ ಬ್ಯಾಟರಿಯೇ ತಯಾರಾದಂತೆ, ಕರಗೋದು ಮಾತ್ರ ಅಲ್ಯೂಮಿನಿಯಂ. ಬೋಲ್ಟ್ ಸುತ್ತ ಬಿಳಿ ಪುಡಿ ಕಂಡರೆ ಇದೇ ಕಾರಣ. ವಾಶರ್ ಹಾಕೋದು, ಎಳೆಗೆ ಚೂರು ಆಂಟಿ ಸೀಜ್ ಗ್ರೀಸ್ ಸವರೋದು ಇದಕ್ಕೆ ಮದ್ದು. ಆದರೆ ಬ್ರೇಕ್‌ಗೆ ಸಂಬಂಧಪಟ್ಟ ಬೋಲ್ಟ್‌ಗಳಲ್ಲಿ ಸರ್ವಿಸ್ ಮ್ಯಾನ್ಯುಯಲ್ ಹೇಳಿದ್ದನ್ನು ಮೀರಬೇಡಿ.

ಮೂರನೆಯದು ಶಾಖ. ಬಿಸಿಯಾದಾಗ ಅಲ್ಯೂಮಿನಿಯಂ ಹಿಗ್ಗುವಷ್ಟು ಆಕ್ಸೈಡ್ ಹಿಗ್ಗಲ್ಲ, ಅದರ ಹಿಗ್ಗುವಿಕೆ ಸುಮಾರು ಐದನೇ ಒಂದು ಭಾಗ ಅಷ್ಟೆ. ಹಾಗಾಗಿ 80 ಡಿಗ್ರಿ ದಾಟಿದಾಗ ಪದರದಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡಬಹುದು. ಇಂಜಿನ್ ಮೇಲಿನ ಆಯಿಲ್ ಕ್ಯಾಪ್, ಸೈಲೆನ್ಸರ್ ಹತ್ತಿರದ ಬ್ರಾಕೆಟ್ ಬೇಗ ಮಂಕಾಗೋದರಲ್ಲಿ ಬಿಸಿಲಿನ ಜೊತೆ ಇದರ ಪಾಲೂ ಇದೆ.

ನಾಲ್ಕನೆಯದು ಸವೆತ. ಸ್ಪ್ರಾಕೆಟ್ ಹಲ್ಲಿನ ಮೇಲೆ ಸ್ಟೀಲ್ ಚೈನ್ ಉಜ್ಜುತ್ತೆ, ಫುಟ್‌ಪೆಗ್ ಮೇಲೆ ಮಣ್ಣು ಮೆತ್ತಿದ ಬೂಟು ಉಜ್ಜುತ್ತೆ. ಅಲ್ಲಿ ಬಣ್ಣ ಹೋಗೋದು ಸಹಜ, ಅದನ್ನು ಕಳಪೆ ಅನ್ನೋಕೆ ಬರಲ್ಲ. ಆದರೆ ಯಾರೂ ಮುಟ್ಟದ, ಬಿಸಿಲು ಮಾತ್ರ ಬೀಳುವ ಜಾಗದಲ್ಲಿ ಬಣ್ಣ ಹೋಗಿದ್ದರೆ ಅದು ಡೈ ಅಥವಾ ಸೀಲಿಂಗ್‌ನ ತಪ್ಪು.

ಬಣ್ಣ ಹೋದ್ರೆ ಪಾರ್ಟ್ ಅಪಾಯಕಾರಿಯೇ?

ಬರೀ ಬಣ್ಣ ಮಾಸಿದೆ ಅಂದರೆ ಲೋಹ ದುರ್ಬಲವಾಗಿದೆ ಅಂತಲ್ಲ. ಹಾಗೆಯೇ ಬಣ್ಣ ಚೆನ್ನಾಗಿದೆ ಅಂದರೆ ಲೋಹ ಗಟ್ಟಿ ಅಂತಲೂ ಅಲ್ಲ. ಈ ಎರಡನೇ ಮಾತನ್ನೇ ಜನ ಮರೆಯೋದು. ಲಿವರ್ ಮುರಿಯೋದು ಎರಕದ ಒಳಗಿನ ಗಾಳಿಗುಳ್ಳೆಯಿಂದ, ತಪ್ಪು ಲೋಹದಿಂದ, ಕೆಟ್ಟ ವಿನ್ಯಾಸದಿಂದ. ಮೇಲಿನ ಕೆಂಪು ಅದನ್ನೆಲ್ಲ ಮುಚ್ಚಿಡುತ್ತೆ.

ಪದರ ದಪ್ಪ ಇದ್ದಷ್ಟೂ ಒಳ್ಳೆಯದು ಅನ್ನೋದೂ ಪೂರ್ತಿ ನಿಜ ಅಲ್ಲ. ಆಕ್ಸೈಡ್ ಗಟ್ಟಿ, ಆದರೆ ಗಾಜಿನ ಥರ ಪೆಡಸು. ಮತ್ತೆ ಮತ್ತೆ ಬಾಗುವ ಹ್ಯಾಂಡಲ್‌ಬಾರ್, ಫೋರ್ಕ್ ಹಿಡಿದಿಡುವ ಕ್ಲ್ಯಾಂಪ್, ರಿಯರ್‌ಸೆಟ್‌ನಂಥ ಭಾಗಗಳಲ್ಲಿ ಪದರದ ಸಣ್ಣ ಬಿರುಕೇ ಲೋಹದೊಳಗಿನ ಬಿರುಕಿಗೆ ದಾರಿಯಾಗಬಹುದು. ಆನೋಡೈಸಿಂಗ್‌ನಿಂದ ಲೋಹದ ದಣಿವು ತಡೆಯುವ ಶಕ್ತಿ ಕಡಿಮೆಯಾಗುತ್ತೆ, ಪದರ ದಪ್ಪವಾದಂತೆ ಇನ್ನಷ್ಟು. ಒಳ್ಳೆಯ ತಯಾರಕರು ಇದನ್ನು ಲೆಕ್ಕ ಹಾಕಿಯೇ ವಿನ್ಯಾಸ ಮಾಡುತ್ತಾರೆ.

ಹಳೇ ಪಾರ್ಟಿಗೆ ಮತ್ತೆ ಬಣ್ಣ ಹಾಕಿಸೋರಿಗೂ ಇದೇ ಎಚ್ಚರಿಕೆ. ಹಳೆಯ ಪದರವನ್ನು ರಾಸಾಯನಿಕದಲ್ಲಿ ಕರಗಿಸಬೇಕು. ಆ ಪದರ ಮೊದಲು ಲೋಹವೇ ಆಗಿದ್ದರಿಂದ ಪ್ರತಿ ಸಲವೂ ಪಾರ್ಟ್ ಸ್ವಲ್ಪ ತೆಳುವಾಗುತ್ತೆ, ಎಳೆಗಳು ಸಡಿಲವಾಗುತ್ತವೆ. ಬಾರ್ ಎಂಡ್‌ಗೆ ಪರವಾಗಿಲ್ಲ. ಬ್ರೇಕ್ ಲಿವರ್‌ಗೆ, ಹ್ಯಾಂಡಲ್‌ಬಾರ್‌ಗೆ ಬೇಡ. ಬಣ್ಣ ಹೋದ ಜಾಗದಲ್ಲಿ ಗುಂಡಿ, ಬಿಳಿ ಪುಡಿ, ಬಿರುಕಿನ ಗೆರೆ ಕಂಡರೆ ಪಾರ್ಟ್ ಬದಲಿಸಿ.

ಅಗ್ಗದ ಬಣ್ಣದ ಬೆಲೆ ಯಾರು ಕೊಡ್ತಾರೆ?

ತೊಟ್ಟಿಗಳ ಸಾಲನ್ನು ಮತ್ತೊಮ್ಮೆ ನೆನಪಿಸಿಕೊಳ್ಳಿ. ಮೇಲ್ಮೈ ತಿನ್ನಿಸಲು ಬಿಸಿ ಕಾಸ್ಟಿಕ್ ಸೋಡಾ, ಆಮೇಲೆ ಗಂಧಕಾಮ್ಲ, ಆಮೇಲೆ ಡೈ, ಕೊನೆಗೆ ಬಿಸಿ ನಿಕ್ಕಲ್ ಅಸಿಟೇಟ್. ಕರೆಂಟ್ ಹರಿಯುವಾಗ ಏಳುವ ಗುಳ್ಳೆಗಳು ಒಡೆದು ಆಮ್ಲದ ಮಂಜು ಗಾಳಿಗೆ ಸೇರುತ್ತೆ. ಗಂಧಕಾಮ್ಲ ಇರುವ ಇಂಥ ಕಡು ಆಮ್ಲದ ಮಂಜಿನಲ್ಲಿ ಕೆಲಸ ಮಾಡೋದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1992ರಲ್ಲೇ ಗುಂಪು 1ಕ್ಕೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅಂತ ಖಚಿತವಾದವುಗಳ ಪಟ್ಟಿಗೆ, ಸೇರಿಸಿದೆ. ನಿಕ್ಕಲ್ ಸಂಯುಕ್ತಗಳೂ ಅದೇ ಗುಂಪಿನಲ್ಲಿವೆ. ಚರ್ಮಕ್ಕೆ ನಿಕ್ಕಲ್ ಅಲರ್ಜಿ ಬೇರೆ.

ತೊಟ್ಟಿಯ ಅಂಚಿನಲ್ಲಿ ಮಂಜು ಎಳೆಯುವ ಗಾಳಿಯಂತ್ರ, ಕೈಗವಸು, ಮುಖಗವಸು, ತ್ಯಾಜ್ಯ ನೀರು ಶುದ್ಧೀಕರಿಸುವ ಘಟಕ ಇವೆಲ್ಲ ಇದ್ದರೆ ಈ ಕೆಲಸವನ್ನು ಸುರಕ್ಷಿತವಾಗಿ ಮಾಡಬಹುದು. ಆದರೆ ಇವೂ ಸೀಲಿಂಗ್‌ನಂತೆಯೇ. ಇಲ್ಲದೇ ಹೋದರೂ ಪಾರ್ಟ್ ಅವತ್ತು ಚೆನ್ನಾಗೇ ಕಾಣುತ್ತೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2016ರ ವರ್ಗೀಕರಣದಲ್ಲಿ ಆನೋಡೈಸಿಂಗ್ ಸೇರಿದಂತೆ ಲೋಹದ ಮೇಲ್ಮೈ ಸಂಸ್ಕರಣೆ ಕೆಂಪು ವರ್ಗದಲ್ಲಿದೆ. ಬೆಂಗಳೂರಿನಲ್ಲಿ ಆನೋಡೈಸಿಂಗ್, ಪ್ಲೇಟಿಂಗ್ ಜಾಬ್ ವರ್ಕ್ ಅಂದರೆ ನೆನಪಾಗೋದು ಪೀಣ್ಯ. ಇದೇ ಮಂಡಳಿ 2009ರಲ್ಲಿ ದೇಶದ ಕೈಗಾರಿಕಾ ಪ್ರದೇಶಗಳ ಮಾಲಿನ್ಯ ಅಳೆದಾಗ ಪೀಣ್ಯ 'ತೀವ್ರ ಮಾಲಿನ್ಯ'ದ ಸಾಲಿಗೆ ಸೇರಿತ್ತು. ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಬೆರೆತಿರೋದು ವರ್ಷಗಳಿಂದ ದಾಖಲಾದ ಸಂಗತಿ. ಕ್ರೋಮಿಯಂ ಬರೋದು ಮುಖ್ಯವಾಗಿ ಪ್ಲೇಟಿಂಗ್ ಕೆಲಸದಿಂದ, ಗಂಧಕಾಮ್ಲದ ಆನೋಡೈಸಿಂಗ್‌ನಲ್ಲಿ ಅದರ ಪಾತ್ರ ಇಲ್ಲ. ಹಾಗಾಗಿ ಎಲ್ಲವನ್ನೂ ಆನೋಡೈಸಿಂಗ್ ತಲೆಗೆ ಕಟ್ಟೋದು ತಪ್ಪಾಗುತ್ತೆ. ಆದರೆ ಪಾಠ ಒಂದೇ: ಮೇಲ್ಮೈಯ ಹೊಳಪಿಗಾಗಿ ಬಳಸಿದ್ದು ಎಲ್ಲೋ ಕೆಳಗಿನ ನೀರಿಗೆ ಇಳಿಯುತ್ತೆ.

ಇನ್ನು ಕಾನೂನು. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ವಿದ್ಯುತ್ ಬಳಸುವ ಘಟಕದಲ್ಲಿ 10 ಜನ ಕೆಲಸ ಮಾಡಿದರೆ ಅದು 'ಕಾರ್ಖಾನೆ' ಆಗುತ್ತಿತ್ತು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಸಂಹಿತೆ ಈ ಮಿತಿಯನ್ನು 20ಕ್ಕೆ ಏರಿಸಿತು. ಐದಾರು ತೊಟ್ಟಿ ಇಟ್ಟುಕೊಂಡು ಹದಿನೈದು ಜನರಿಂದ ನಡೆಯುವ ಒಂದು ಜಾಬ್ ವರ್ಕ್ ಶೆಡ್ಡಿಗೆ ಈ ಎರಡು ಅಂಕಿಗಳ ನಡುವಿನ ಅಂತರ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಅಪಾಯಕಾರಿ ಕೆಲಸಗಳನ್ನು ಸರ್ಕಾರ ಪ್ರತ್ಯೇಕವಾಗಿ ಅಧಿಸೂಚಿಸಿ ಸಂಹಿತೆಯ ವ್ಯಾಪ್ತಿಗೆ ತರಬಹುದು ಅನ್ನೋ ಅವಕಾಶ ಇದೆ. ಆದರೆ ಮೊದಲು ಹಕ್ಕಾಗಿದ್ದದ್ದು ಈಗ ಸರ್ಕಾರದ ಮರ್ಜಿಗೆ ಬಿಟ್ಟ ವಿಷಯವಾಗುತ್ತೆ.

ಸಣ್ಣ ಘಟಕದ ಮಾಲೀಕರನ್ನೇ ವಿಲನ್ ಮಾಡೋದೂ ಅರ್ಧಸತ್ಯ. ಅವರಿಗೆ ಪೀಸಿಗೆ ಇಷ್ಟು ಅಂತ ದರ ಕಟ್ಟೋದು ಮೇಲಿನ ಬ್ರ್ಯಾಂಡ್ ಮತ್ತು ವಿತರಕರು. ಆರ್ಡರ್ ಚೀಟಿಯಲ್ಲಿ 'ಕೆಂಪು, 500 ಪೀಸ್' ಅಂತ ಮಾತ್ರ ಬರೆದು ಮೈಕ್ರಾನ್ ಬರೆಯದಿದ್ದರೆ, ಅತಿ ಕಡಿಮೆ ದರ ಹೇಳಿದವರಿಗೇ ಕೆಲಸ ಸಿಗುತ್ತೆ. ಪೂರ್ತಿ ಸೀಲಿಂಗ್ ಮಾಡಿ, ನೀರು ಶುದ್ಧ ಮಾಡಿ, ಕೆಲಸಗಾರರಿಗೆ ರಕ್ಷಣೆ ಕೊಟ್ಟವರು ಪೈಪೋಟಿಯಲ್ಲಿ ಸೋಲುತ್ತಾರೆ.

ಕೊಳ್ಳೋ ಮುಂಚೆ, ಕೊಂಡ ಮೇಲೆ

ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಿ. ಯಾವ ಮಿಶ್ರಲೋಹ, ಬಿಲ್ಲೆಟ್‌ನಿಂದ ಕೊರೆದದ್ದೋ ಎರಕವೋ? ಪದರ ಎಷ್ಟು ಮೈಕ್ರಾನ್? ಬಣ್ಣಕ್ಕೆ ಗ್ಯಾರಂಟಿ ಎಷ್ಟು ಕಾಲ? ಉತ್ತರ ಲಿಖಿತವಾಗಿ ಸಿಕ್ಕರೆ ಅರ್ಧ ಪರೀಕ್ಷೆ ಮುಗಿದಂತೆ.

ಮನೆಯಲ್ಲಿ ಮಾಡಬಹುದಾದ ಸಣ್ಣ ಪರೀಕ್ಷೆಗಳೂ ಇವೆ. ಪಾರ್ಟಿನ ಕಾಣದ ಮೂಲೆಯಲ್ಲಿ ಮಾತ್ರ ಮಾಡಿ.

– ಹತ್ತಿಗೆ ಅಸಿಟೋನ್ ಅಥವಾ ನೇಲ್ ಪಾಲಿಶ್ ರಿಮೂವರ್ ಹಾಕಿ ಉಜ್ಜಿ. ಮೇಲ್ಮೈ ಮೆತ್ತಗಾಗಿ ಅಂಟಂಟಾದರೆ ಅದು ಲ್ಯಾಕರ್. ಸೀಲ್ ಆದ ಆನೋಡೈಸಿಂಗ್‌ಗೆ ಏನೂ ಆಗಲ್ಲ.

– ಮಾರ್ಕರ್ ಪೆನ್ನಿನಿಂದ ಚುಕ್ಕೆ ಇಟ್ಟು, ಒಣಗಿದ ಮೇಲೆ ಸ್ಪಿರಿಟ್‌ನಿಂದ ಒರೆಸಿ. ಪೂರ್ತಿ ಹೋದರೆ ಸೀಲಿಂಗ್ ಚೆನ್ನಾಗಿದೆ. ಕಲೆ ಒಳಗಿಳಿದು ಉಳಿದರೆ ರಂಧ್ರ ತೆರೆದೇ ಇದೆ.

– ಬಿಳಿ ಒದ್ದೆ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಿ. ಬಣ್ಣ ಬಟ್ಟೆಗೆ ಬಂದರೆ ವಾಪಸ್ ಕೊಡಿ.

– ಗೆಳೆಯರ ಗುಂಪಿನಲ್ಲಿ ಯಾರಾದರೂ ಲೇಪನದ ದಪ್ಪ ಅಳೆಯುವ ಕೈ ಮೀಟರ್ ಹೊಂದಿದ್ದರೆ, ಅದು ಅಲ್ಯೂಮಿನಿಯಂ ಮೇಲೆ ಕೆಲಸ ಮಾಡುವ ಎಡ್ಡಿ ಕರೆಂಟ್ ಮಾದರಿಯೇ ಅಂತ ನೋಡಿ. ಸ್ಟೀಲ್‌ಗೆ ಮಾತ್ರ ಇರೋದು ಇಲ್ಲಿ ಉಪಯೋಗಕ್ಕೆ ಬರಲ್ಲ.

ಆರೈಕೆ ಸರಳ. ತಟಸ್ಥ ಪಿಎಚ್‌ನ ಬೈಕ್ ಶಾಂಪೂ, ಸಾದಾ ನೀರು, ಮೆತ್ತನೆ ಬಟ್ಟೆ. ಮೆಟಲ್ ಪಾಲಿಶ್ ಬೇಡ, ಅದರ ಉಜ್ಜುವ ಪುಡಿ ಪದರವನ್ನೇ ತಿನ್ನುತ್ತೆ. ಆಗಾಗ ವ್ಯಾಕ್ಸ್ ಹಚ್ಚಿ. ಸಾಧ್ಯವಾದಷ್ಟು ನೆರಳಲ್ಲಿ ನಿಲ್ಲಿಸಿ, ಕರಾವಳಿಯಲ್ಲಿದ್ದರೆ ವಾರಕ್ಕೊಮ್ಮೆ ಸಿಹಿನೀರಿನಿಂದ ತೊಳೆಯಿರಿ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸರಕಿನ ಗುಣಮಟ್ಟ, ಪ್ರಮಾಣ, ಶುದ್ಧತೆ, ದರ್ಜೆ, ಬೆಲೆಯನ್ನು ತಿಳಿಯುವುದನ್ನು ಗ್ರಾಹಕರ ಹಕ್ಕು ಅಂತಲೇ ಹೇಳುತ್ತೆ. ಲ್ಯಾಕರ್ ಬಳಿದದ್ದನ್ನು 'ಆನೋಡೈಸ್ಡ್' ಅಂತ ಮಾರಿದರೆ ಅದು ದಾರಿ ತಪ್ಪಿಸುವ ಮಾಹಿತಿ. ಬಿಲ್, ಜಾಹೀರಾತಿನ ಸ್ಕ್ರೀನ್‌ಶಾಟ್, ಬಣ್ಣ ಹೋದ ಪಾರ್ಟಿನ ಫೋಟೋ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು.

ಇದಕ್ಕಿಂತ ದೊಡ್ಡ ಬೇಡಿಕೆ ಒಂದಿದೆ. ಡಬ್ಬಿಯ ಮೇಲೆ ಮಿಶ್ರಲೋಹದ ಹೆಸರು, ಐಎಸ್ 1868 ಪ್ರಕಾರ ಪದರದ ದರ್ಜೆ, ಎಲ್ಲಿ ಆನೋಡೈಸ್ ಆಯಿತು ಅನ್ನೋ ವಿವರ. ಎರಡು ಸಾಲು ಮುದ್ರಿಸಲು ಶಾಯಿ ಬಿಟ್ಟರೆ ಬೇರೆ ಖರ್ಚಿಲ್ಲ. ಆ ಎರಡು ಸಾಲು ಬಂದರೆ ಕಡಿಮೆ ಮೈಕ್ರಾನ್ ಮಾರುವವರು ಅದನ್ನು ಬರೆದುಕೊಂಡೇ ಮಾರಬೇಕಾಗುತ್ತೆ, ಶೆಡ್ಡು ಯಾವುದು ಅಂತಲೂ ಗೊತ್ತಾಗುತ್ತೆ. ಮಾನದಂಡ ಬರೆದು ಇಟ್ಟಾಗಿದೆ, ಅಳೆಯುವ ಮೀಟರ್ ಪೇಟೆಯಲ್ಲಿದೆ. ಕೌಂಟರ್‌ನ ಈಚೆ ಕಡೆ ನಿಂತು 'ಎಷ್ಟು ಮೈಕ್ರಾನ್?' ಅಂತ ಕೇಳೋರ ಸಂಖ್ಯೆ ಹೆಚ್ಚಾಗಬೇಕು.